ಹೋರಿಗರು ಹುಟ್ಟಿದರೆ ಆಕಳು ಹೊಣೆಯಲ್ಲ

ಎರಡು ಮೂರು ಸೂಲು ಹೋರಿಗರುವನ್ನೇ ಹಾಕಿತೆಂದು ಹಾಲುಳ್ಳ ಆಕಳನ್ನು ಸಂತೆಗೆ ಹೊಡೆದರೆ ನಷ್ಟ ರೈತನಿಗೇ. ಕರುವಿನ ಲಿಂಗ ನಿರ್ಧಾರವಾಗುವುದು ಹೋರಿಯ ವೀರ್ಯಾಣುವಿನಿಂದ.

ಆಕಳ ಪ್ರತಿ ಜೀವಕೋಶದಲ್ಲಿ 60 ವರ್ಣತಂತುಗಳಿವೆ. ಅವುಗಳಲ್ಲಿ ಎರಡು ಲಿಂಗ ವರ್ಣತಂತುಗಳು: ಆಕಳಿಗೆ ಎರಡು ಎಕ್ಸ್, ಹೋರಿಗೆ ಒಂದು ಎಕ್ಸ್ ಮತ್ತು ಒಂದು ವೈ. ಅಂಡಾಣುವಿನಲ್ಲಿ ಯಾವಾಗಲೂ ಎಕ್ಸ್ ಇರುತ್ತದೆ. ವೀರ್ಯಾಣುಗಳಲ್ಲಿ ಅರ್ಧ ಎಕ್ಸ್, ಅರ್ಧ ವೈ. ಎಕ್ಸ್ ಕೂಡಿದರೆ ಹೆಣ್ಣುಗರು, ವೈ ಕೂಡಿದರೆ ಹೋರಿಗರು. ಆದ್ದರಿಂದ ಎಂಟು ಆಕಳುಗಳಲ್ಲಿ ಸರಾಸರಿ ಒಂದು ಸತತ ಮೂರು ಸೂಲು ಹೋರಿಗರುವನ್ನೇ ಹಾಕುವುದು ಸಹಜ. ನಾಲ್ಕನೆಯ ಸೂಲಿನಲ್ಲಿಯೂ ಸಾಧ್ಯತೆ ಅರ್ಧಕ್ಕರ್ಧವೇ. ಕೋಳಿ ಮತ್ತು ರೇಷ್ಮೆ ಹುಳುಗಳಲ್ಲಿ ಈ ಕ್ರಮ ತಿರುಗುಮುರುಗು; ಅಲ್ಲಿ ನಿರ್ಧರಿಸುವುದು ತಾಯಿಯ ತತ್ತಿ.

ಚಿಗರಿ ಹೇಳುವ ಕಥೆ

ಎಕ್ಸ್ ಮತ್ತು ವೈ ಬಹು ಹಿಂದೆ ಸಾಮಾನ್ಯ ವರ್ಣತಂತುಗಳ ಒಂದು ಜೋಡಿಯೇ ಆಗಿದ್ದವು. ಒಂದರಲ್ಲಿ ಗಂಡುತನ ತರುವ ವಂಶವಾಹಿ ನೆಲೆಗೊಂಡ ಮೇಲೆ ಅದು ಕ್ರಮೇಣ ಸವೆದು ಚಿಕ್ಕ ವೈ ಆಯಿತು. ಆ ವಂಶವಾಹಿಯನ್ನು ವಿಜ್ಞಾನಿಗಳು ಗುರುತಿಸಿದ್ದು 1990ರಲ್ಲಿ.

ಇಂತಹ ಬದಲಾವಣೆಯ ಒಂದು ಉದಾಹರಣೆ ಮೋಟೆಬೆನ್ನೂರಿನ ರೈತರಿಗೆ ದೂರದ್ದಲ್ಲ. ರಾಣೇಬೆನ್ನೂರಿನಲ್ಲಿ 1974ರಲ್ಲಿ ಅಭಯಾರಣ್ಯವಾದದ್ದು ಚಿಗರಿಗಾಗಿ, ಅಂದರೆ ಕೃಷ್ಣಮೃಗಕ್ಕಾಗಿ. ಈ ಪ್ರಾಣಿಯಲ್ಲಿ ಎಕ್ಸ್‌ಗೆ ಒಂದು ಸಾಮಾನ್ಯ ವರ್ಣತಂತು ಬೆಸೆದುಕೊಂಡಿದೆ. ಅದರ ಒಂಟಿ ಜೊತೆಗಾರ ಗಂಡಿನಲ್ಲಿ ಎರಡನೆಯ ವೈ ಆಗಿ ಉಳಿದಿದೆ. ಹೀಗಾಗಿ ಸಾಮಾನ್ಯವಾಗಿ ಹೆಣ್ಣಿಗೆ 30 ವರ್ಣತಂತುಗಳಿದ್ದರೆ ಗಂಡಿಗೆ 31. ಇದರ ಎಕ್ಸ್ ಅಸಾಧಾರಣವಾಗಿ ದೊಡ್ಡದೆಂದು 1968ರ ಅಧ್ಯಯನ ತೋರಿಸಿತು.

ಎರಡು ಎಕ್ಸ್‌ಗಳ ಹತೋಟಿ

ಹೆಣ್ಣಿನಲ್ಲಿ ಎರಡು ಎಕ್ಸ್‌ಗಳೂ ಪೂರ್ಣ ಕೆಲಸ ಮಾಡಿದರೆ ಗಂಡಿನ ಎರಡರಷ್ಟು ಉತ್ಪತ್ತಿಯಾಗಬೇಕು. ಹಾಗಾಗದಂತೆ ಪ್ರತಿ ಕೋಶದಲ್ಲಿ ಒಂದು ಎಕ್ಸ್ ಬಹುಮಟ್ಟಿಗೆ ನಿಷ್ಕ್ರಿಯವಾಗುತ್ತದೆ. ಇದನ್ನು 1961ರಲ್ಲಿ ಇಂಗ್ಲೆಂಡಿನ ಮೇರಿ ಲಯನ್ ವಿವರಿಸಿದರು.

ರೈತರು ಗಮನಿಸಬೇಕಾದ ಅಂಶಗಳು

1. ಆಕಳನ್ನು ಹಾಲಿನ ಇಳುವರಿ, ಆರೋಗ್ಯ, ಗಬ್ಬ ನಿಲ್ಲುವ ಗುಣ ನೋಡಿ ಇಟ್ಟುಕೊಳ್ಳಬೇಕು. ಹಾಕಿದ ಕರುಗಳ ಲಿಂಗ ನೋಡಿ ಅಲ್ಲ.

2. ಎಕ್ಸ್ ಇರುವ ವೀರ್ಯಾಣುವಿನಲ್ಲಿ ಡಿ.ಎನ್.ಎ. ಸುಮಾರು ಶೇಕಡಾ 4ರಷ್ಟು ಹೆಚ್ಚು. ಈ ವ್ಯತ್ಯಾಸದಿಂದ ಬೇರ್ಪಡಿಸಿದ ವೀರ್ಯ ಬಳಸಿದರೆ ಹುಟ್ಟುವ ಕರುಗಳಲ್ಲಿ ಸುಮಾರು ಶೇಕಡಾ 90 ಹೆಣ್ಣು. ಆದರೆ ಗಬ್ಬ ನಿಲ್ಲುವ ಪ್ರಮಾಣ ಸ್ವಲ್ಪ ಕಡಿಮೆ. ಆರೋಗ್ಯವಂತ ಮಣಕಗಳಿಗೆ ಸರಿಯಾದ ಬೆದೆಯ ಕಾಲದಲ್ಲಿ ಕೊಡಿಸುವುದು ಸೂಕ್ತ.

3. ಹೋರಿಗರುವಿನೊಡನೆ ಅವಳಿಯಾಗಿ ಹುಟ್ಟಿದ ಹೆಣ್ಣುಗರುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಬಂಜೆ. ಗರ್ಭದಲ್ಲಿ ಎರಡರ ರಕ್ತನಾಳಗಳು ಕೂಡಿ, ಹೋರಿಗರುವಿನ ಚೋದನಿಗಳು ಹೆಣ್ಣುಗರುವಿನ ಜನನಾಂಗದ ಬೆಳವಣಿಗೆಯನ್ನು ಕೆಡಿಸುತ್ತವೆ. ಅಂತಹ ಕರುವನ್ನು ಹೈನಿಗೆಂದು ಸಾಕುವ ಮೊದಲು ಪಶುವೈದ್ಯರಿಂದ ಪರೀಕ್ಷೆ ಮಾಡಿಸಬೇಕು.