ಅಜ್ಜಿ, ತಾಯಿ, ಮಗಳು: ಹಾನಗಲ್ ಮನೆಯ ಮಾತು



ಅಪ್ಪನ ಹಳೆಯ ಕ್ಯಾಸೆಟ್ಟುಗಳ ಪೆಟ್ಟಿಗೆಯಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರನ್ನು ನೀವು ನೋಡಿರಬಹುದು. ಕಿರಾಣಾ ಘರಾಣೆಯ ಹಿರಿಯ ಗಾಯಕಿ. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ. ಪ್ರಶಸ್ತಿಗಳ ಪಟ್ಟಿ ಎಲ್ಲಿಯೂ ಸಿಗುತ್ತದೆ. ನಾನು ಹೇಳಹೊರಟಿರುವುದು ಅವರ ಮನೆಯ ಮಾತು.

ಗಂಗೂಬಾಯಿ ಹುಟ್ಟಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಒಳ್ಳೆಯ ಗಾಯಕಿ. ಮಗಳ ಮನಸ್ಸು ಮಾತ್ರ ಹಿಂದುಸ್ತಾನಿಯತ್ತ ವಾಲಿತು. ಬೇರೆ ಮನೆಯಲ್ಲಾದರೆ ದೊಡ್ಡ ರಾದ್ಧಾಂತವೇ ಆಗುತ್ತಿತ್ತು. ಇಲ್ಲಿ ಮಗಳ ಕಲಿಕೆಗಾಗಿ 1928ರಲ್ಲಿ ಸಂಸಾರವೇ ಹುಬ್ಬಳ್ಳಿಗೆ ಬಂತು. ಅಷ್ಟೇ ಅಲ್ಲ, ತಮ್ಮ ಹಾಡಿನ ಛಾಯೆ ಮಗಳ ಕಂಠಕ್ಕೆ ಹತ್ತಬಾರದೆಂದು ಅಂಬಾಬಾಯಿ ತಾವು ಹಾಡುವುದನ್ನೇ ನಿಲ್ಲಿಸಿಬಿಟ್ಟರು.

ಇದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಗಿಂತ ಸಂಕಟವೇ ಹೆಚ್ಚು. ‘ತ್ಯಾಗ’ ಎಂದು ಹೇಳಿ ನಾವು ಕೈ ತೊಳೆದುಕೊಳ್ಳುತ್ತೇವೆ. ಹಾಡುವವರು ಹಾಡದೆ ಇರುವುದು ಎಂಥ ಕಷ್ಟವೆಂದು ಅಡಿಗೆಮನೆಯಲ್ಲಿ ಗುನುಗುವ ನನ್ನಂಥವಳಿಗೂ ಅಂದಾಜಾಗುತ್ತದೆ. 1932ರಲ್ಲಿ ಅಂಬಾಬಾಯಿ ತೀರಿಕೊಂಡಾಗ ಮಗಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

ಊರೇನೂ ಈ ಮನೆಯನ್ನು ತಲೆಯ ಮೇಲೆ ಹೊತ್ತು ಮೆರೆಸಲಿಲ್ಲ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರೆದುರು ಸ್ವಾಗತಗೀತೆ ಹಾಡಿದ ಬಾಲಕಿಗೆ ಒಳಗೊಳಗೇ ಒಂದು ಹೆದರಿಕೆ: ಜಾತಿಯ ಕಾರಣದಿಂದ, ಊಟವಾದ ಮೇಲೆ ಎಂಜಲೆಲೆ ಎತ್ತಲು ಹೇಳಿಬಿಟ್ಟರೆ? ಬೀದಿಯಲ್ಲಿ ನಡೆದರೆ ‘ಗಾನೇವಾಲಿ’ ಎಂದು ಹಂಗಿಸುವವರೂ ಇದ್ದರು.

ಹದಿನಾರಕ್ಕೆ ಮದುವೆ. ಒಬ್ಬ ಮಗಳು, ಇಬ್ಬರು ಗಂಡುಮಕ್ಕಳು. ಪತಿ ವಕೀಲರಾದರೂ ಸಂಸಾರದ ಭಾರ ಬಹುಮಟ್ಟಿಗೆ ಬಿದ್ದದ್ದು ಗಂಗೂಬಾಯಿಯವರ ಕಂಠದ ಮೇಲೆಯೇ. ಪುಣೆಯ ಸವಾಯಿ ಗಂಧರ್ವ ಮಹೋತ್ಸವ ನಿಮಗೆ ಗೊತ್ತಲ್ಲ, ಆ ಸವಾಯಿ ಗಂಧರ್ವರು ನಮ್ಮ ಕುಂದಗೋಳದವರು. ಮಕ್ಕಳಿದ್ದ ಈ ತಾಯಿ ಹುಬ್ಬಳ್ಳಿಯಿಂದ ರೈಲು ಹತ್ತಿ ಅಲ್ಲಿಗೆ ಪಾಠಕ್ಕೆ ಹೋಗುತ್ತಿದ್ದರು. ಲೋಕಲ್ ಹಿಡಿದು ಓಡಾಡುವ ನಿಮಗೆ ಆ ದಣಿವನ್ನು ನಾನು ವರ್ಣಿಸಬೇಕಿಲ್ಲ. ಜಿಪುಣ ದುಡ್ಡು ಬಿಚ್ಚುವಂತೆ ಸ್ವರವನ್ನು ಯೋಚಿಸಿ ಯೋಚಿಸಿ ಬಳಸಬೇಕೆಂದು ಗುರುಗಳು ಕಲಿಸಿದರಂತೆ. ಮನೆ ನಡೆಸುವ ಹೆಣ್ಣಿಗೆ ಈ ಲೆಕ್ಕ ಹೊಸದಾಗಿರಲಿಕ್ಕಿಲ್ಲ!

ಮಗಳು ಕೃಷ್ಣಾ ಹಾನಗಲ್ ಕೂಡ ಗಾಯಕಿಯೇ. ಆದರೆ ವೇದಿಕೆಯ ಮೇಲೆ ಬಹುಕಾಲ ತಾಯಿಗೆ ದನಿಗೂಡಿಸುತ್ತ ಹಿಂದೆಯೇ ಕುಳಿತರು. ಅಜ್ಜಿ ಮಗಳಿಗಾಗಿ ಮೌನವಾದರು. ಮೊಮ್ಮಗಳು ತಾಯಿಗಾಗಿ ಹಿಂದೆ ಸರಿದರು. ಇದು ಪ್ರೀತಿಯೋ, ಹೆಣ್ಣುಮಕ್ಕಳಿಗೆ ನಾವು ಹಚ್ಚಿದ ಅಭ್ಯಾಸವೋ, ನನಗಿನ್ನೂ ಬಗೆಹರಿದಿಲ್ಲ. ನಿಮ್ಮ ಮನೆಯ ಅಜ್ಜಿಯನ್ನೂ ಒಮ್ಮೆ ಕೇಳಿ, ಮದುವೆಯಾದ ಮೇಲೆ ಏನನ್ನು ನಿಲ್ಲಿಸಿದರೆಂದು. ‘ಏನಿಲ್ಲ ಬಿಡು’ ಎಂದರೆ ಸುಮ್ಮನಾಗಬೇಡಿ, ಮತ್ತೊಮ್ಮೆ ಕೇಳಿ.

2004ರಲ್ಲಿ ಕೃಷ್ಣಾ ಕ್ಯಾನ್ಸರಿನಿಂದ ತೀರಿಕೊಂಡರು. ತೊಂಬತ್ತು ದಾಟಿದ ತಾಯಿ ಎಪ್ಪತ್ತು ದಾಟಿದ ಮಗಳನ್ನು ಕಳೆದುಕೊಂಡರು. ಬೆನ್ನ ಹಿಂದಿನ ಆ ದನಿ ಇಲ್ಲದೆಯೂ, ಸಂಗೀತ ಜೀವನಕ್ಕೆ 75 ವರ್ಷ ತುಂಬಿದ ನೆನಪಿಗೆ 2006ರ ಮಾರ್ಚ್‌ನಲ್ಲಿ ಮತ್ತೆ ವೇದಿಕೆ ಏರಿದರು. ಅದೇ ಕೊನೆಯ ಕಛೇರಿ. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ಅವರು ತೀರಿಕೊಂಡ ಮೇಲೆ ಅವರ ಕಣ್ಣುಗಳನ್ನು ದಾನ ಮಾಡಲಾಯಿತು.