ಕಿವಿಯ ಕೆಳಗಿನ ಗಂಟು ಮತ್ತು ಎಚ್‌ಐವಿ

ಕಿವಿಯ ಕೆಳಗೆ ಕೆನ್ನೆ ಊದಿಕೊಂಡರೆ ನಮಗೆ ಮೊದಲು ನೆನಪಾಗುವುದು ಮಂಗನಬಾವು. ಅದು ಜ್ವರ, ನೋವುಗಳೊಂದಿಗೆ ಬಂದು ಕೆಲವು ದಿನಗಳಲ್ಲಿ ಇಳಿದುಹೋಗುತ್ತದೆ. ಆದರೆ ನೋವಿಲ್ಲದೆ, ನಿಧಾನವಾಗಿ, ಬಹುಮಟ್ಟಿಗೆ ಎರಡೂ ಕಡೆ ಬೆಳೆದು ತಿಂಗಳುಗಟ್ಟಲೆ ಉಳಿಯುವ ಮೆತ್ತನೆಯ ಊತವೂ ಒಂದುಂಟು. ಎಚ್‌ಐವಿ ಸೋಂಕಿರುವ ಕೆಲವರಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಕೆಲವೊಮ್ಮೆ ಸೋಂಕಿನ ಮೊದಲ ಕುರುಹೇ ಇದಾಗಿರುತ್ತದೆ.

ಇದು ಏಕೆ ಬರುತ್ತದೆ?

ಬಾಯಿಗೆ ಜೊಲ್ಲುರಸ ಒದಗಿಸುವ ದೊಡ್ಡ ಗ್ರಂಥಿಗಳು ಮೂರು ಜೊತೆ. ಅವುಗಳಲ್ಲಿ ಅತಿ ದೊಡ್ಡದು ಕಿವಿಯ ಮುಂದೆ ಮತ್ತು ಕೆಳಗೆ ಹರಡಿರುವ ಪರೋಟಿಡ್ ಗ್ರಂಥಿ. ಭ್ರೂಣಾವಸ್ಥೆಯಲ್ಲಿ ಇದರ ಹೊರಕವಚ ತಡವಾಗಿ ರೂಪುಗೊಳ್ಳುವುದರಿಂದ ಕೆಲವು ಲಿಂಫ್ ಗ್ರಂಥಿಗಳು ಇದರೊಳಗೇ ಸೇರಿಕೊಳ್ಳುತ್ತವೆ. ಲಿಂಫ್ ಗ್ರಂಥಿಗಳು ರೋಗಾಣುಗಳೊಡನೆ ಹೋರಾಡುವ ಬಿಳಿ ರಕ್ತಕಣಗಳ ಠಾಣೆಗಳಿದ್ದಂತೆ. ಎಚ್‌ಐವಿ ದೇಹವನ್ನು ಹೊಕ್ಕಾಗ ಈ ಠಾಣೆಗಳು ಊದಿಕೊಳ್ಳುತ್ತವೆ. ಆಗ ಜೊಲ್ಲುರಸದ ಕಿರುನಾಳಗಳು ಅದುಮಲ್ಪಟ್ಟು, ಹಿಗ್ಗಿ, ದ್ರವ ತುಂಬಿದ ಚೀಲಗಳಾಗುತ್ತವೆ ಎಂದು ತಜ್ಞರು ವಿವರಿಸುತ್ತಾರೆ. ಈ ಚೀಲಗಳೇ ಸಿಸ್ಟ್‌ಗಳು. ಇವು ಕ್ಯಾನ್ಸರ್ ಗಡ್ಡೆಗಳಲ್ಲ. ಆದರೂ ಕ್ಷಯ ಅಥವಾ ಕ್ಯಾನ್ಸರಿನ ಗಂಟು ಹೊರನೋಟಕ್ಕೆ ಹೀಗೆಯೇ ಕಾಣಬಹುದು. ಆದ್ದರಿಂದ ಅಲ್ಟ್ರಾಸೌಂಡ್ ಮಾಡಿ, ಸೂಜಿಯಿಂದ ಸ್ವಲ್ಪ ದ್ರವ ತೆಗೆದು ಪರೀಕ್ಷಿಸುವುದು ಅಗತ್ಯ.

ಕತ್ತರಿಸಿ ತೆಗೆಯಬಾರದೇ?

ಈ ಪ್ರಶ್ನೆ ಸಹಜ. ಆದರೆ ಮುಖದ ನರವು ಪರೋಟಿಡ್ ಗ್ರಂಥಿಯ ನಡುವೆಯೇ ಹಾಯ್ದು ಐದು ಕವಲುಗಳಾಗಿ ಹರಡುತ್ತದೆ. ಕಣ್ಣು ಮುಚ್ಚಲು, ನಗಲು ಈ ನರ ಬೇಕು. ಅದಕ್ಕೆ ಪೆಟ್ಟಾದರೆ ಬಾಯಿ ಸೊಟ್ಟಗಾಗಬಹುದು. ಸೂಜಿಯಿಂದ ದ್ರವವನ್ನು ಹೀರಿ ತೆಗೆದರೆ ಊತ ಕುಗ್ಗುತ್ತದೆ, ಆದರೆ ಬಹಳ ಮಂದಿಯಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಆದ್ದರಿಂದ ಮೊದಲ ಚಿಕಿತ್ಸೆ ಗಂಟಿಗಲ್ಲ, ವೈರಾಣುವಿಗೆ. ಎಆರ್‌ಟಿ ಮಾತ್ರೆಗಳನ್ನು ದಿನವೂ ತಪ್ಪದೆ ಸೇವಿಸಿದರೆ ರಕ್ತದಲ್ಲಿ ವೈರಾಣು ಕುಗ್ಗುತ್ತದೆ. ಅದರೊಂದಿಗೆ ಅನೇಕರಲ್ಲಿ ಗಂಟೂ ತಿಂಗಳುಗಳಲ್ಲಿ ಇಳಿಯುತ್ತದೆ. ಇಳಿಯದೆ ತೊಂದರೆ ಕೊಟ್ಟರೆ ದ್ರವ ತೆಗೆದು ಡಾಕ್ಸಿಸೈಕ್ಲಿನ್‌ನಂಥ ಔಷಧಿಯನ್ನು ಒಳಗೆ ಸೇರಿಸಿ ಚೀಲವನ್ನು ಮುದುಡಿಸುವ ವಿಧಾನವಿದೆ. ಕಡಿಮೆ ಪ್ರಮಾಣದ ವಿಕಿರಣವನ್ನೂ ಕೆಲವೆಡೆ ಬಳಸಿದ್ದಾರೆ. ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಕೊನೆಯ ದಾರಿ. ಒಂದು ಮಾತು ನೆನಪಿಡಿ: ಗಂಟು ಇಳಿಯಿತೆಂದು ಮಾತ್ರೆ ನಿಲ್ಲಿಸಬಾರದು. ನಿಲ್ಲಿಸಿದರೆ ವೈರಾಣು ಮತ್ತೆ ತಲೆಯೆತ್ತುತ್ತದೆ.

ಭಾರತದಲ್ಲಿ ಸರ್ಕಾರವು 2004ರ ಏಪ್ರಿಲ್‌ನಿಂದ ಈ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಿದೆ. 2017ರಿಂದ ಸೋಂಕು ಪತ್ತೆಯಾದ ಎಲ್ಲರಿಗೂ ಚಿಕಿತ್ಸೆ ಆರಂಭಿಸುವ ನೀತಿ ಜಾರಿಯಲ್ಲಿದೆ.

ನಿಮ್ಮ ಪಾಲೇನು?

ಹೊಟ್ಟೆಯೊಳಗಿನ ಕಾಯಿಲೆಯನ್ನು ಮುಚ್ಚಿಡಬಹುದು, ಕೆನ್ನೆಯ ಊತವನ್ನು ಮುಚ್ಚಿಡಲಾಗದು. ಜನರ ನೋಟಕ್ಕೆ ಅಂಜಿ ಶಾಲೆ, ಕೆಲಸ, ಆಸ್ಪತ್ರೆ ಎಲ್ಲವನ್ನೂ ಬಿಟ್ಟು ಮನೆಯೊಳಗೆ ಕುಳಿತರೆ ಚಿಕಿತ್ಸೆಯೇ ತಪ್ಪಿಹೋಗುತ್ತದೆ. ಕೆನ್ನೆ ಊದಿದವರಿಗೆಲ್ಲ ಎಚ್‌ಐವಿ ಇರುವುದಿಲ್ಲ. ಅದನ್ನು ಹೇಳುವುದು ರಕ್ತಪರೀಕ್ಷೆಯೇ ಹೊರತು ನಮ್ಮ ಊಹೆಯಲ್ಲ. ಸೋಂಕಿದ್ದರೂ ಜೊಲ್ಲಿನಿಂದ, ಒಂದೇ ಬೆಂಚಿನಲ್ಲಿ ಕೂರುವುದರಿಂದ, ಜೊತೆಯಲ್ಲಿ ಉಣ್ಣುವುದರಿಂದ ಅದು ಹರಡದು. ಸೋಂಕಿತರನ್ನು ಶಾಲೆ, ಉದ್ಯೋಗ, ಆಸ್ಪತ್ರೆಗಳಲ್ಲಿ ಭೇದದಿಂದ ಕಾಣುವುದನ್ನು 2017ರ ಕಾಯಿದೆ ನಿಷೇಧಿಸಿದೆ. ಸಂದೇಹಗಳಿದ್ದರೆ 1097 ಸಹಾಯವಾಣಿಗೆ ಉಚಿತವಾಗಿ ಕರೆಮಾಡಬಹುದು.

ಗೆಳೆಯನ ಕೆನ್ನೆಯಲ್ಲಿ ಗಂಟು ಕಂಡರೆ ಪಿಸುಮಾತು ಬೇಡ. ವೈದ್ಯರಲ್ಲಿಗೆ ಹೋಗಲು ಅವನಿಗೆ ಜೊತೆಯಾಗಿ.