ಕಿವಿ ಸರಿಯಿದೆ, ಕಂಪ್ಯೂಟರಿನ ದನಿ ಕೆಟ್ಟಿದೆ

ಸಿಂಗಟಗೆರೆಯಲ್ಲಿ ನಮ್ಮದೊಂದು ಕಲಿಕಾ ಕೇಂದ್ರ. ಸಂಜೆ ದನ ಕಟ್ಟಿ, ಒಲೆ ಕೆಲಸ ಮುಗಿಸಿ ಅಕ್ಕಂದಿರು ಬರುತ್ತಾರೆ. ನಾನು ಅಲ್ಲಿ ಪಾಠ ಹೇಳುತ್ತೇನೆ. ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಅದು ಪದಗಳನ್ನು ಹೇಳುತ್ತೆ. ಅಕ್ಕಂದಿರು ಕೇಳಿಸಿಕೊಂಡು ಬರೆಯುತ್ತಾರೆ.

ಒಂದು ದಿನ ಕಂಪ್ಯೂಟರ್ ‘ಶಾಲು’ ಎಂದಿತು. ಒಬ್ಬ ಅಕ್ಕ ‘ಸಾಲು’ ಎಂದು ಬರೆದರು. ಅದು ‘ಶಾಲೆ’ ಎಂದಿತು. ಅವರು ‘ಸಾಲೆ’ ಎಂದು ಬರೆದರು. ಹತ್ತು ಪದದಲ್ಲಿ ಏಳು ತಪ್ಪು. ಅವರ ಮುಖ ಸಣ್ಣದಾಯಿತು. ಪುಸ್ತಕ ಮುಚ್ಚಿದರು.

“ನನ್ನ ಕಿವೀನೇ ಸರಿಯಿಲ್ಲ ಟೀಚರಮ್ಮ. ವಯಸ್ಸಾಯ್ತು. ಈ ವಿದ್ಯೆ ನಂಗೆ ಹತ್ತಲ್ಲ ಬಿಡಿ” ಎಂದರು.

ಮಾರನೆಯ ದಿನ ಅವರು ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ.

ನಾನು ಕಂಪ್ಯೂಟರ್ ಹಾಕಿ, ಕಣ್ಣು ಮುಚ್ಚಿ ಕೇಳಿದೆ. ನನಗೂ ಸ ಯಾವುದು, ಶ ಯಾವುದು ಗೊತ್ತಾಗಲಿಲ್ಲ! ದನಿ ಮಂಕಾಗಿತ್ತು. ನಡುನಡುವೆ ಗರಗರ ಸದ್ದು. ಭದ್ರಾವತಿ ಆಕಾಶವಾಣಿಯ ಮುಳ್ಳು ಸರಿಯಾಗಿ ಕೂರದಿದ್ದರೆ ರೇಡಿಯೋ ಕೇಳಿಸುತ್ತಲ್ಲ, ಹಾಗೆ.

ಆಗ ನೆನಪಾಯಿತು. ಹಿಂದಿನ ವಾರ ಕಂಪ್ಯೂಟರಿಗೆ ಹೊಸ ಸಿಸ್ಟಮ್ ಹಾಕಿಸಿದ್ದೆವು. ಅದಕ್ಕೆ ಮುಂಚೆ ದನಿ ಚೆನ್ನಾಗಿತ್ತು.

ರಿಪೇರಿ ಅಂಗಡಿಯವರಿಗೆ ಫೋನ್ ಮಾಡಿದೆ. “ಸೌಂಡ್ ಕಾರ್ಡ್ ಹೋಗಿರುತ್ತೆ ಮೇಡಮ್. ಹೊಸದು ಹಾಕ್ಬೇಕು. ಸ್ಪೀಕರೂ ಬದಲಾಯಿಸಿಬಿಡಿ” ಎಂದರು. ಅದಕ್ಕೆ ಸಂಘದ ಹಣ ತೆಗೆಯಬೇಕು. ವಾರ ವಾರ ಕೂಲಿಯಲ್ಲಿ ಉಳಿಸಿದ ಹಣ ಅದು.

ಸಂಘದ ಇನ್ನೊಬ್ಬ ಅಕ್ಕ ತಡೆದರು. “ಹಸು ಹಾಲು ಕೊಡ್ದಿದ್ರೆ ಹಸೂನೇ ಮಾರ್ತೀವಾ? ಮೊದ್ಲು ಮೇವು ನೋಡ್ತೀವಿ. ಕೆಚ್ಚಲು ನೋಡ್ತೀವಿ. ಇದನ್ನೂ ಹಂಗೇ ನೋಡಾಣ” ಎಂದರು.

ಸರಿಯಾದ ಮಾತು. ನಾವು ನೋಡಿದೆವು. ನೋಡಿದ್ದನ್ನೇ ಇಲ್ಲಿ ಬರೆದಿದ್ದೇನೆ.

ದನಿ ಹೇಗೆ ಬರುತ್ತೆ?

ನಾವು ಮಾತಾಡಿದರೆ ಗಾಳಿ ಅಲುಗುತ್ತೆ. ಆ ಅಲುಗಾಟ ಕಿವಿಗೆ ತಾಗುತ್ತೆ. ಅದೇ ದನಿ.

ಕಂಪ್ಯೂಟರಿಗೆ ಗೊತ್ತಿರುವುದು ಅಂಕಿ ಮಾತ್ರ. ಅದು ದನಿಯನ್ನು ಅಂಕಿಗಳಾಗಿ ಇಟ್ಟುಕೊಂಡಿರುತ್ತೆ. ನೀವು ರಂಗೋಲಿಗೆ ಮೊದಲು ಚುಕ್ಕಿ ಇಡುತ್ತೀರಲ್ಲವೇ? ಹಾಗೆಯೇ ಇದೂ. ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ದನಿಗೆ 44,100 ಚುಕ್ಕಿ! ಮಾಮೂಲಿ ಟೆಲಿಫೋನ್ ಮಾತಿಗೆ 8,000 ಚುಕ್ಕಿ ಮಾತ್ರ.

ಈ ಚುಕ್ಕಿಗಳನ್ನು ಸೇರಿಸಿ ಗೆರೆ ಎಳೆಯುವುದೇ ಸೌಂಡ್ ಕಾರ್ಡಿನ ಕೆಲಸ. ಆ ಗೆರೆ ಕರೆಂಟಾಗಿ ಸ್ಪೀಕರಿಗೆ ಹೋಗುತ್ತೆ. ಸ್ಪೀಕರ್ ಗಾಳಿಯನ್ನು ಅಲುಗಿಸುತ್ತೆ. ಮತ್ತೆ ದನಿ ಹುಟ್ಟುತ್ತೆ.

ಚುಕ್ಕಿ ತಪ್ಪಿದರೆ ರಂಗೋಲಿ ಕೆಡುತ್ತೆ. ದನಿಯೂ ಹಾಗೆಯೇ. ಸ, ಶ ಇವುಗಳ ಸದ್ದು ಬಹಳ ನವಿರು. ದನಿ ಮಂಕಾದರೆ ಮೊದಲು ಕೆಡುವುದು ಇಂಥ ಸದ್ದುಗಳೇ. ಫೋನಿನಲ್ಲಿ ಹೆಸರು ಹೇಳಿದರೆ “ಸ ನಾ? ಶ ನಾ?” ಎಂದು ಕೇಳುವುದು ಇದಕ್ಕೇ.

ಹಿಂದೆ ಸೌಂಡ್ ಕಾರ್ಡ್ ಎಂದರೆ ಬೇರೆಯೇ ಒಂದು ಹಲಗೆ. ಡಬ್ಬದೊಳಗೆ ಸಿಕ್ಕಿಸಬೇಕಿತ್ತು. 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿ ತಂದ ‘ಸೌಂಡ್ ಬ್ಲಾಸ್ಟರ್’ ಬಹಳ ಹೆಸರು ಮಾಡಿತು. ಈಗ ಹೆಚ್ಚಿನ ಕಂಪ್ಯೂಟರುಗಳಲ್ಲಿ ಅದು ಮುಖ್ಯ ಬೋರ್ಡಿನ ಮೇಲೇ ಒಂದು ಸಣ್ಣ ಚಿಪ್ಪಾಗಿ ಕೂತಿರುತ್ತೆ.

ಡ್ರೈವರ್ ಎಂದರೆ ಯಾರು?

ಕಂಪ್ಯೂಟರಿನ ಎಲ್ಲಾ ಕೆಲಸ ನಡೆಸುವುದು ಆಪರೇಟಿಂಗ್ ಸಿಸ್ಟಮ್. ವಿಂಡೋಸ್ ಅಂಥದೊಂದು ಸಿಸ್ಟಮ್. ಹಳೆಯದು ಹೋಗಿ ಹೊಸದು ಬರುತ್ತಿರುತ್ತೆ. ವಿಂಡೋಸ್ 10ಕ್ಕೆ ಕಂಪನಿಯ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅದರಿಂದ ಬಹಳ ಜನ ಹೊಸ ಸಿಸ್ಟಮ್ ಹಾಕಿಸಿಕೊಂಡರು.

ಸಿಸ್ಟಮ್ ನೇರವಾಗಿ ಸೌಂಡ್ ಕಾರ್ಡಿನ ಜೊತೆ ಮಾತಾಡುವುದಿಲ್ಲ. ನಡುವೆ ಒಂದು ಚಿಕ್ಕ ಪ್ರೋಗ್ರಾಮ್ ಇರುತ್ತೆ. ಅದರ ಹೆಸರು ಡ್ರೈವರ್.

ನಮ್ಮೂರಿನ ಹಳೆಯ ಬಸ್ಸನ್ನು ನೆನೆಸಿಕೊಳ್ಳಿ. ದಿನಾ ಓಡಿಸುವ ಡ್ರೈವರಿಗೆ ಅದರ ಗೇರು ಗೊತ್ತು, ಬ್ರೇಕು ಗೊತ್ತು. ಒಂದು ದಿನ ಹೊಸಬರು ಬಂದರು. ಬಸ್ಸು ಓಡುತ್ತೆ, ಆದರೆ ಎತ್ತಿ ಎತ್ತಿ ಹಾಕುತ್ತೆ. ಜನ “ಬಸ್ಸು ಕೆಟ್ಟಿದೆ” ಅನ್ನುತ್ತಾರೆ. ಬಸ್ಸು ಕೆಟ್ಟಿಲ್ಲ. ಡ್ರೈವರಿಗೆ ಆ ಬಸ್ಸಿನ ಅಭ್ಯಾಸ ಇಲ್ಲ, ಅಷ್ಟೆ.

ಹೊಸ ಸಿಸ್ಟಮ್ ಹಾಕಿದಾಗ ಹಳೆಯ ಡ್ರೈವರ್ ಹೋಗಬಹುದು. ಎಲ್ಲಾ ಕಂಪ್ಯೂಟರಿಗೂ ಆಗುವ ಸಾಮಾನ್ಯ ಡ್ರೈವರ್ ಬಂದು ಕೂರಬಹುದು. ಆಗ ದನಿ ಬರುತ್ತೆ, ಆದರೆ ಕೆಲವು ಸಲ ಮಂಕಾಗುತ್ತೆ, ಒಡೆಯುತ್ತೆ.

ಇದು ಹೊಸ ತೊಂದರೆಯಲ್ಲ. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ದನಿ ನಡೆಸುವ ಕ್ರಮವೇ ಬದಲಾಯಿತು. ಆಗಲೂ ಎಷ್ಟೋ ಹಳೆಯ ಸೌಂಡ್ ಕಾರ್ಡುಗಳಿಗೆ ಹೊಸ ಡ್ರೈವರ್ ಬೇಕಾಯಿತು.

ತೊಂದರೆ ಹುಡುಕುವುದು ಹೇಗೆ?

ಮೊದಲು ಹೊರಗೆ ನೋಡಿ. ಆಮೇಲೆ ಒಳಗೆ. ಖರ್ಚಿಲ್ಲದ್ದು ಮೊದಲು.

1. ವಯರು ನೋಡಿ. ಡಬ್ಬದ ಹಿಂದೆ ಬಣ್ಣದ ತೂತುಗಳಿರುತ್ತವೆ. ಸಾಮಾನ್ಯವಾಗಿ ಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ. ವಯರು ಹಸಿರಿನಲ್ಲಿ ಗಟ್ಟಿಯಾಗಿ ಕೂತಿದೆಯೇ?

2. ಸ್ಪೀಕರ್ ಪರೀಕ್ಷಿಸಿ. ಅದೇ ಸ್ಪೀಕರನ್ನು ಮೊಬೈಲಿಗೆ ಹಾಕಿ ಕೇಳಿ. ದನಿ ಚೆನ್ನಾಗಿದ್ದರೆ ಸ್ಪೀಕರ್ ಸರಿಯಿದೆ. ಅದನ್ನು ಬದಲಾಯಿಸಬೇಕಿಲ್ಲ.

3. ಕಂಪ್ಯೂಟರನ್ನು ಪೂರ್ತಿ ನಿಲ್ಲಿಸಿ, ಮತ್ತೆ ಶುರು ಮಾಡಿ. ಕೆಲವು ಸಲ ಇಷ್ಟಕ್ಕೇ ಸರಿಹೋಗುತ್ತೆ.

4. ಪರದೆಯ ಕೆಳಗೆ ಗಡಿಯಾರದ ಹತ್ತಿರ ಸ್ಪೀಕರಿನ ಚಿತ್ರವಿದೆ. ಅದನ್ನು ಒತ್ತಿ. ದನಿ ಯಾವ ಕಡೆ ಹೋಗಬೇಕು ಎಂದು ಅಲ್ಲಿ ಆರಿಸಬಹುದು. ಹೊಸ ಸಿಸ್ಟಮ್ ಸ್ಪೀಕರ್ ಬಿಟ್ಟು ಟಿ.ವಿ. ಪರದೆಗೆ ದನಿ ಕಳಿಸುತ್ತಿರಬಹುದು.

5. ದನಿಯ ಸೆಟ್ಟಿಂಗಿನಲ್ಲಿ ‘ಎನ್‌ಹ್ಯಾನ್ಸ್‌ಮೆಂಟ್’ ಎಂದು ಇರುತ್ತೆ. ದನಿಗೆ ಮಸಾಲೆ ಹಾಕಿದ ಹಾಗೆ ಅದು. ಮಸಾಲೆ ಹೆಚ್ಚಾದರೆ ಮಾತು ಕೊಡದೊಳಗಿಂದ ಬಂದ ಹಾಗೆ ಕೇಳುತ್ತೆ. ಅದನ್ನು ನಿಲ್ಲಿಸಿ ಕೇಳಿ ನೋಡಿ.

6. ಕೊನೆಗೆ ಡ್ರೈವರ್. ಇದಕ್ಕೆ ಕಂಪ್ಯೂಟರ್ ಕಲಿತ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿ. ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಸೌಂಡ್ ಕಾರ್ಡಿನ ಹೆಸರಿನ ಮೇಲೆ ಹಳದಿ ಗುರುತು ಇದ್ದರೆ ಡ್ರೈವರಿನಲ್ಲಿ ತೊಂದರೆ ಇರಬಹುದು. ಗುರುತು ಇಲ್ಲದಿದ್ದರೂ ಸಾಮಾನ್ಯ ಡ್ರೈವರ್ ಕೂತಿರಬಹುದು.

ಡ್ರೈವರನ್ನು ಕಂಪ್ಯೂಟರ್ ಮಾಡಿದ ಕಂಪನಿಯಿಂದಲೇ ತೆಗೆದುಕೊಳ್ಳಿ. ಅದು ಉಚಿತ. “ಎಲ್ಲಾ ಡ್ರೈವರ್ ನಾವೇ ಹಾಕ್ತೀವಿ” ಎನ್ನುವ ಗೊತ್ತಿಲ್ಲದ ಪ್ರೋಗ್ರಾಮ್ ಬೇಡ. ಯಾರಾದರೂ ಫೋನ್ ಮಾಡಿ “ಕಂಪ್ಯೂಟರ್ ಸರಿ ಮಾಡ್ತೀವಿ, ಓ.ಟಿ.ಪಿ. ಹೇಳಿ” ಎಂದರೆ ಹೇಳಬೇಡಿ. ಮೋಸವಾಗಿ ಹಣ ಹೋದರೆ ತಕ್ಷಣ 1930ಕ್ಕೆ ಫೋನ್ ಮಾಡಿ.

ಕಂಪ್ಯೂಟರ್ ಬಹಳ ಹಳೆಯದಾದರೆ ಹೊಸ ಸಿಸ್ಟಮಿಗೆ ಡ್ರೈವರ್ ಸಿಗದೇ ಇರಬಹುದು. ಆಗಲೂ ಗಾಬರಿ ಬೇಡ. ಯು.ಎಸ್.ಬಿ. ಸೌಂಡ್ ಕಾರ್ಡ್ ಎಂದು ಹೆಬ್ಬೆರಳಿನಷ್ಟು ವಸ್ತು ಸಿಗುತ್ತೆ. ಕೆಲವು ನೂರು ರೂಪಾಯಿ. ಹೊರಗಿನಿಂದ ಸಿಕ್ಕಿಸಿದರೆ ಸಾಕು. ಡಬ್ಬ ಬಿಚ್ಚಬೇಕಿಲ್ಲ.

ನಮ್ಮಲ್ಲಿ ಏನಾಯಿತು?

ನಾವು ಸ್ಪೀಕರನ್ನು ಮೊಬೈಲಿಗೆ ಹಾಕಿದೆವು. ದನಿ ಗಂಟೆ ಹೊಡೆದ ಹಾಗೆ ಬಂತು. ಅಲ್ಲಿಗೆ ಸ್ಪೀಕರಿನ ದುಡ್ಡು ಉಳಿಯಿತು.

ಭಾನುವಾರ ಒಬ್ಬ ಅಕ್ಕನ ಮಗಳು ಬಂದಳು. ಅವಳು ಡಿಪ್ಲೊಮಾ ಓದುತ್ತಿದ್ದಾಳೆ. ಡಬ್ಬದ ಹಿಂದಿನ ಮಾಡೆಲ್ ನಂಬರನ್ನು ಅವಳ ತಾಯಿಯೇ ನೋಡಿ ಬರೆದುಕೊಟ್ಟರು. ಅಂಕಿ ಒಂದೂ ತಪ್ಪಲಿಲ್ಲ. ಆ ನಂಬರಿನಿಂದ ಸರಿಯಾದ ಡ್ರೈವರ್ ಸಿಕ್ಕಿತು. ಹಾಕಿದೆವು. ಗರಗರ ನಿಂತಿತು. ಸೌಂಡ್ ಕಾರ್ಡ್ ಹೋಗಿರಲೇ ಇಲ್ಲ.

ಸಂಜೆ ಆ ಮೊದಲಿನ ಅಕ್ಕನ ಮನೆಗೆ ಹೋದೆ. ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. “ಅಕ್ಕ, ನಿಮ್ಮ ಕಿವಿ ಸರಿಯಿದೆ. ಕೆಟ್ಟಿದ್ದು ಕಂಪ್ಯೂಟರಿನ ದನಿ” ಎಂದೆ.

ಅವರು ನಂಬಲಿಲ್ಲ. ಆದರೂ ಬಂದರು. ಕಂಪ್ಯೂಟರ್ ‘ಶಾಲು’ ಎಂದಿತು. ಅವರು ‘ಶಾಲು’ ಎಂದೇ ಬರೆದರು. ಹತ್ತರಲ್ಲಿ ಎಂಟು ಸರಿ. “ಈ ಎರಡು ತಪ್ಪು ಮಾತ್ರ ನಂದೇ ಟೀಚರಮ್ಮ” ಎಂದು ನಕ್ಕರು.

ಚೀಟಿ ಬರೆದಿಡಿ

ಯಂತ್ರ ಕೆಟ್ಟರೆ ರಿಪೇರಿಗೆ ಕೊಡುವ ಮುಂಚೆ ಒಂದು ಚೀಟಿ ಬರೆಯಿರಿ.

ಯಂತ್ರದ ಹೆಸರು, ಮಾಡೆಲ್ ನಂಬರ್:
ಯಾವ ದಿನದಿಂದ ತೊಂದರೆ:
ಅದಕ್ಕೆ ಮುಂಚೆ ಏನು ಬದಲಾಯಿಸಿದ್ದೆವು:
ನಾವೇ ಏನೇನು ನೋಡಿದೆವು:

ಈ ಚೀಟಿ ಕೈಯಲ್ಲಿದ್ದರೆ ರಿಪೇರಿಯವರಿಗೂ ಕೆಲಸ ಸುಲಭ. ನಮಗೆ ಬೇಡದ ಖರ್ಚೂ ತಪ್ಪುತ್ತೆ. ಹೊಸ ಸಾಮಾನು ಹಾಕಿದರೆ ರಸೀದಿ ಕೇಳಿ. ತೆಗೆದ ಹಳೆಯ ಸಾಮಾನನ್ನೂ ಕೇಳಿ ಪಡೆಯಿರಿ. ಕೇಳುವುದರಲ್ಲಿ ನಾಚಿಕೆ ಇಲ್ಲ.

ನಮ್ಮ ಕೋಣೆಯ ಗೋಡೆ ಮೇಲೆ ಇಂಥ ಒಂದು ಚೀಟಿ ಅಂಟಿಸಿದ್ದೇವೆ. ಬರೆದದ್ದು ಆ ಅಕ್ಕನೇ.

ಓದಿ, ಉತ್ತರ ಬರೆಯಿರಿ

1. ಅಕ್ಕ ಪಾಠಕ್ಕೆ ಬರುವುದನ್ನು ಯಾಕೆ ಬಿಟ್ಟರು?
2. ಸ್ಪೀಕರ್ ಸರಿಯಿದೆ ಎಂದು ಹೇಗೆ ಗೊತ್ತಾಯಿತು?
3. ನಿಮ್ಮ ಮನೆಯ ಒಂದು ಯಂತ್ರದ ಮಾಡೆಲ್ ನಂಬರ್ ಹುಡುಕಿ ಬರೆಯಿರಿ.